ಮನೆಯೊಡತಿ ಎಂಬ ಮಾತು

ಸಂಸಾರ ತೂಗಿಸುವ ಹೆಂಗಸಿಗೆ ನಮ್ಮ ಭಾಷೆಯಲ್ಲಿ ಎಂಥ ಚೆಂದದ ಹೆಸರಿದೆ ನೋಡಿ: ಮನೆಯೊಡತಿ. ಹೆಸರು ಕೊಡುವುದರಲ್ಲಿ ನಾವು ಜಿಪುಣರಲ್ಲ. ಆದರೆ ಕಂದಾಯದ ರಸೀದಿ ತೆಗೆದು ನೋಡಿದರೆ ಬಹಳಷ್ಟು ಮನೆಗಳಲ್ಲಿ ಈ ಒಡತಿಯ ಹೆಸರು ಕಾಣಿಸುವುದಿಲ್ಲ. ಅಲ್ಲಿರುವುದು ಮಾವನ ಹೆಸರು, ಆಮೇಲೆ ಗಂಡನ ಹೆಸರು, ಮುಂದೆ ಮಗನ ಹೆಸರು. ಬಾಯಿಮಾತಿನಲ್ಲಿ ಒಡತಿ, ಕಾಗದದಲ್ಲಿ ಯಾರೂ ಅಲ್ಲ. ಹಾಗಾದರೆ ಮನೆ ನಿಜವಾಗಿ ಯಾರದು? ಕಟ್ಟಿಸಿದವರದೇ? ಪತ್ರ ಇಟ್ಟುಕೊಂಡವರದೇ? ದಿನವೂ ಗುಡಿಸಿ, ಸಾರಿಸಿ, ದೀಪ ಹಚ್ಚಿದವರದೇ?

ಈ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ಒಂದು ಇಂಗ್ಲಿಷ್ ಕಥೆಯ ನೆವದಿಂದ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮತ್ತು ಸಮಾಜ ವಿಜ್ಞಾನ ಕಲಿಸುವವಳು. ಒಮ್ಮೆ ಮಕ್ಕಳಿಗೆ ಜೇನ್ ಆಸ್ಟಿನ್ 1813ರಲ್ಲಿ ಪ್ರಕಟಿಸಿದ 'ಪ್ರೈಡ್ ಅಂಡ್ ಪ್ರಿಜುಡಿಸ್' ಕಾದಂಬರಿಯ ಕಥೆ ಹೇಳುತ್ತಿದ್ದೆ. ಬೆನೆಟ್ ಎಂಬ ಸ್ಥಿತಿವಂತನಿಗೆ ಐದು ಜನ ಹೆಣ್ಣುಮಕ್ಕಳು. ಅವನು ತೀರಿಕೊಂಡರೆ ಮನೆ, ಜಮೀನು ಎಲ್ಲ ದೂರದ ದಾಯಾದಿಗೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮಿಸ್, ಐದು ಜನ ಇದ್ದಾರಲ್ಲ, ಒಬ್ಬಳೂ ಲೆಕ್ಕಕ್ಕಿಲ್ಲವಾ?" ಎಂದಳು. ಅದು ಅಲ್ಲಿಯ ಕಾಯಿದೆ ಎಂದು ವಿವರಿಸಿದೆ. ಅವಳು ಕೂತಳು, ಪ್ರಶ್ನೆ ಮಾತ್ರ ಕೂರಲಿಲ್ಲ. ನಾನು ಇಂಗ್ಲೆಂಡನ್ನು ಕಣ್ಣಾರೆ ಕಂಡವಳಲ್ಲ. ಆದರೆ ಆ ದೇಶದ ಹಳ್ಳಿಗಾಡಿನಲ್ಲಿರುವ ದೊಡ್ಡ ದೊಡ್ಡ ಮನೆಗಳ ಚರಿತ್ರೆಯನ್ನು ಕೈಗೆ ಸಿಕ್ಕಿದ ಪುಸ್ತಕಗಳಲ್ಲೆಲ್ಲ ಹುಡುಕಿ ಓದುತ್ತ ಬಂದೆ. ಮನೆ ಯಾರದು ಎಂಬ ಪ್ರಶ್ನೆಯನ್ನು ಸಾವಿರ ವರ್ಷ ಉಜ್ಜಿ ನೋಡಿದ ಒರೆಗಲ್ಲಿನಂತೆ ಅವು ನನಗೆ ಕಾಣುತ್ತವೆ.

'ಮ್ಯಾನರ್' ಎಂದರೆ ಬರಿಯ ಬಂಗಲೆಯಲ್ಲ. ಒಡೆಯನ ಮನೆ, ಸುತ್ತಲಿನ ಹೊಲ, ಕಾಡು, ಗೇಣಿದಾರರು ಎಲ್ಲ ಸೇರಿದ ಒಂದು ಸಣ್ಣ ಪಾಳೆಯಪಟ್ಟು. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದಾಗ ಅಲ್ಲಿಯ ಸ್ಯಾಕ್ಸನ್ ಒಡೆಯರ ಭೂಮಿಯನ್ನೆಲ್ಲ ಕಿತ್ತು ತನ್ನವರಿಗೆ ಹಂಚಿದ. ಯಾವ ಊರು ಮೊದಲು ಯಾರದಾಗಿತ್ತು, ಈಗ ಯಾರದು ಎಂದು 1086ರಲ್ಲಿ ಬರೆಸಿದ ದೊಡ್ಡ ಕಡತವೇ 'ಡೂಮ್ಸ್‌ಡೇ ಬುಕ್'. ನಮ್ಮ ಶಾನುಭೋಗರು ಕಂಡಿದ್ದರೆ ಕೈಮುಗಿಯುತ್ತಿದ್ದರು! ಅಂದಿನ ಕಾಯಿದೆಯ ಪ್ರಕಾರ ಭೂಮಿಯೆಲ್ಲ ರಾಜನದು. ಮಿಕ್ಕವರೆಲ್ಲ ಅವನಿಂದ ಪಡೆದು ಅನುಭವಿಸುವವರು ಮಾತ್ರ. ನೋಡಿ, ಒಡೆತನದ ಬುಡದಲ್ಲೇ ಎರಡು ಸತ್ಯಗಳು ಸೇರಿಕೊಂಡಿವೆ. ಮೊದಲ ಒಡೆತನ ಕತ್ತಿಯಿಂದ ಬಂದದ್ದು. ಯಾವ ಒಡೆಯನೂ ಪೂರ್ತಿ ಒಡೆಯನಲ್ಲ.

ರಾಜ ಕೊಟ್ಟದ್ದನ್ನು ರಾಜನೇ ಕಿತ್ತುಕೊಳ್ಳಬಹುದಷ್ಟೆ? ಎಂಟನೇ ಹೆನ್ರಿ 1536ರಿಂದ ನಾಲ್ಕೈದು ವರ್ಷಗಳಲ್ಲಿ ದೇಶದ ಕ್ರೈಸ್ತ ಮಠಗಳನ್ನೆಲ್ಲ ಮುಚ್ಚಿಸಿ, ಅವುಗಳ ಆಸ್ತಿಯನ್ನು ಕೊಳ್ಳಬಲ್ಲವರಿಗೆ ಮಾರಿದ. ವಿಲ್ಟ್‌ಷೈರಿನ ಲೇಕಾಕ್ ಎಂಬಲ್ಲಿ ಒಂದು ಸನ್ಯಾಸಿನಿಯರ ಮಠವಿತ್ತು. ಇಲಾ ಎಂಬ ವಿಧವೆ 1232ರಲ್ಲಿ ಸ್ಥಾಪಿಸಿ, ಮುಂದೆ ತಾನೇ ಅದರ ಮುಖ್ಯಸ್ಥೆಯಾದಳು. ಮುನ್ನೂರು ವರ್ಷ ಹೆಂಗಸರೇ ಬಾಳಿದ, ಹೆಂಗಸರೇ ಆಳಿದ ಮನೆ ಅದು. 1539ರಲ್ಲಿ ಅವರನ್ನು ಹೊರಗೆ ಕಳಿಸಲಾಯಿತು. ವಿಲಿಯಂ ಶಾರಿಂಗ್ಟನ್ ಎಂಬ ಆಸ್ಥಾನದ ಮನುಷ್ಯ ಅದನ್ನು ಕೊಂಡು ತನ್ನ ವಾಸದ ಮನೆ ಮಾಡಿಕೊಂಡ. ಸನ್ಯಾಸಿನಿಯರು ಜಪ ಮಾಡುತ್ತ ನಡೆದಾಡಿದ ಕಂಬಸಾಲು ಇಂದಿಗೂ ಆ ಮನೆಯೊಳಗೇ ಇದೆ. ಶಾರಿಂಗ್ಟನ್‌ನಿಗೆ ಸಂತಾನ ಉಳಿಯಲಿಲ್ಲ. ಮನೆ ತಮ್ಮನಿಗೆ ಹೋಗಿ, ಆ ತಮ್ಮನ ಮಗಳ ಮದುವೆಯ ಮೂಲಕ ಟಾಲ್ಬಟ್ ಮನೆತನ ಸೇರಿತು. ಈ ಲೇಕಾಕ್ ಹೆಸರನ್ನು ನೆನಪಿಟ್ಟುಕೊಂಡಿರಿ, ಇನ್ನೊಮ್ಮೆ ಬೇಕಾಗುತ್ತದೆ.

ಈಗ ಕೆಂಟ್ ಸೀಮೆಯ ನೋಲ್ ಎಂಬ ಮನೆಗೆ ಬರೋಣ. 1456ರಲ್ಲಿ ಅದನ್ನು ಕೊಂಡವನು ಬೋರ್ಶಿಯರ್ ಎಂಬ ಆರ್ಚ್‌ಬಿಷಪ್. ಎಂಟನೇ ಹೆನ್ರಿ ಅದನ್ನೂ ಬಿಡಲಿಲ್ಲ, 1538ರಲ್ಲಿ ತನ್ನದಾಗಿಸಿಕೊಂಡ. ಹದಿನೇಳನೆಯ ಶತಮಾನದ ಆರಂಭದಲ್ಲಿ ಅದು ಸ್ಯಾಕ್‌ವಿಲ್ ಮನೆತನದ ಕೈಗೆ ಬಂತು. ಆ ಮನೆಗೆ 1609ರಲ್ಲಿ ಸೊಸೆಯಾಗಿ ಬಂದವಳು ಆನ್ ಕ್ಲಿಫರ್ಡ್.

ಆನ್ ತಂದೆತಾಯಿಗೆ ಉಳಿದ ಒಬ್ಬಳೇ ಮಗು. ತಂದೆ ಕಂಬರ್ಲೆಂಡಿನ ಅರ್ಲ್. ಉತ್ತರದಲ್ಲಿ ಕೋಟೆಗಳು, ವಿಶಾಲವಾದ ಜಮೀನು. 1605ರಲ್ಲಿ ಅವನು ಸತ್ತಾಗ ಮಗಳಿಗೆ ಹದಿನೈದು ವರ್ಷ. ಉಯಿಲು ತೆಗೆದು ನೋಡಿದರೆ ಆಸ್ತಿಯೆಲ್ಲ ತಮ್ಮನಿಗೆ, ಮಗಳಿಗೆ 15,000 ಪೌಂಡು ನಗದು. ಆದರೆ ಹಳೆಯ ಪತ್ರಗಳ ಪ್ರಕಾರ ಆ ಆಸ್ತಿ ಗಂಡು ಹೆಣ್ಣೆಂಬ ಭೇದವಿಲ್ಲದೆ ಸ್ವಂತ ಸಂತಾನಕ್ಕೇ ಹೋಗಬೇಕಿತ್ತು. ತಾಯಿ ಮಾರ್ಗರೆಟ್ ಕಾಗದಗಳನ್ನು ಕಲೆಹಾಕಿ ಮಗಳ ಪರ ಹೋರಾಟಕ್ಕೆ ನಿಂತಳು. 1616ರಲ್ಲಿ ತಾಯಿಯೂ ಹೋದಳು. ಆನ್ ಒಂಟಿಯಾದಳು.

ಆಮೇಲೆ ನಡೆದದ್ದನ್ನು ಆಕೆ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾಳೆ. ನಗದು ತೆಗೆದುಕೊಂಡು ಹಕ್ಕು ಬಿಟ್ಟುಕೊಡು ಎಂದು ಗಂಡನೇ ಒತ್ತಾಯಿಸಿದ. ಆ ಹಣ ಅವನಿಗೆ ಬೇಕಿತ್ತು. ಒಪ್ಪದಿದ್ದಾಗ ಇನ್ನೂ ಎರಡು ವರ್ಷ ತುಂಬದ ಮಗಳನ್ನು ಆಕೆಯ ಮಡಿಲಿನಿಂದ ದೂರ ಕಳಿಸಿದ. ಧರ್ಮಗುರುಗಳು ಬುದ್ಧಿ ಹೇಳಿದರು. ಕೊನೆಗೆ 1617ರಲ್ಲಿ ದೊರೆ ಜೇಮ್ಸ್‌ನ ಮುಂದೆಯೇ ನಿಲ್ಲಿಸಿದರು. ಆನ್ ಒಪ್ಪಲಿಲ್ಲ. ದೊರೆ ಆಕೆಯ ವಿರುದ್ಧ ತೀರ್ಪು ಕೊಟ್ಟ. ಹಣ ಗಂಡನ ಕೈಸೇರಿತು. ನೋಲ್‌ನಂಥ ಅರಮನೆಯ ಒಡತಿಯಾಗಿದ್ದೂ ಆಕೆಗೆ ತನ್ನದೆಂದು ಹೇಳಿಕೊಳ್ಳಲು ಒಂದು ಮೂಲೆ ಇರಲಿಲ್ಲ.

ಇದನ್ನು ಓದುವಾಗ ನನಗೆ ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಯ ಬೆಂಚು ಕಣ್ಣಿಗೆ ಕಟ್ಟುತ್ತದೆ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ಬಂದ ಅಕ್ಕತಂಗಿಯರು, ಕೈಯಲ್ಲೊಂದು ಹೊಸ ಸೀರೆಯ ಕವರು. ಕರ್ನಾಟಕದಲ್ಲಿ 1994ರಲ್ಲೇ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂಬ ಕಾಯಿದೆ ಬಂತು. ಆಗಲೇ ಮದುವೆಯಾದವರಿಗೆ ಅದು ಅನ್ವಯಿಸಲಿಲ್ಲ. 2005ರ ಕೇಂದ್ರದ ತಿದ್ದುಪಡಿ ಆ ಅಡ್ಡಿಯನ್ನೂ ತೆಗೆಯಿತು. ಆದರೂ "ತವರು ಬೇಕೋ, ಪಾಲು ಬೇಕೋ?" ಎಂಬ ಪ್ರಶ್ನೆಯನ್ನು ಯಾವ ತಿದ್ದುಪಡಿಯೂ ತೆಗೆದುಹಾಕಿಲ್ಲ. ಆನ್‌ಳಿಗೆ ಕೇಳಿದ್ದೂ ಇದೇ ಜಾತಿಯ ಪ್ರಶ್ನೆ: ಗಂಡನ ಪ್ರೀತಿ ಬೇಕೋ, ತಂದೆಯ ಆಸ್ತಿ ಬೇಕೋ?

ಆಕೆ ಕಾದಳು. ಚಿಕ್ಕಪ್ಪ ಸತ್ತ, 1643ರಲ್ಲಿ ಅವನ ಮಗನೂ ಗಂಡು ಸಂತಾನವಿಲ್ಲದೆ ಸತ್ತ. ಆಗ ಆಸ್ತಿ ಆನ್ ಕೈಗೆ ಬಂತು. ಮೂವತ್ತೆಂಟು ವರ್ಷ ಕಳೆದು, ತನ್ನ ಐವತ್ತಮೂರನೇ ವಯಸ್ಸಿನಲ್ಲಿ! ನಾನು ಈಗ ಇರುವ ವಯಸ್ಸು. ಇನ್ನೇನು ಉಳಿದಿದೆ ಎಂದು ನಾವು ಲೆಕ್ಕ ಹಾಕಲು ತೊಡಗುವ ವಯಸ್ಸು. ಆಕೆ ಮಾತ್ರ ಅಂತರ್ಯುದ್ಧ ತಣ್ಣಗಾದ ಮೇಲೆ ಉತ್ತರಕ್ಕೆ ಹೋಗಿ ಸ್ಕಿಪ್ಟನ್, ಆಪಲ್‌ಬಿ, ಬ್ರೂಮ್ ಮೊದಲಾದ ಪಾಳುಬಿದ್ದ ಕೋಟೆಗಳನ್ನು ಒಂದೊಂದಾಗಿ ರಿಪೇರಿ ಮಾಡಿಸಿದಳು. ಬಡ ವಿಧವೆಯರಿಗೆ ವಸತಿ ಕಟ್ಟಿಸಿದಳು. ತಾಯಿಯನ್ನು ಕೊನೆಯ ಸಲ ಬೀಳ್ಕೊಟ್ಟ ದಾರಿಬದಿಯ ಜಾಗದಲ್ಲಿ 1656ರಲ್ಲಿ ಒಂದು ಕಂಬ ನಿಲ್ಲಿಸಿ, ಪ್ರತಿ ವರ್ಷ ಏಪ್ರಿಲ್ 2ರಂದು ಅಲ್ಲಿಯ ಕಲ್ಲಿನ ಮೇಲೆ ಆ ಊರಿನ ಬಡವರಿಗೆ ನಾಲ್ಕು ಪೌಂಡು ಹಂಚಬೇಕೆಂದು ಕಟ್ಟುಮಾಡಿದಳು. ಆ ಕಂಬ ಈಗಲೂ ನಿಂತಿದೆ. 1676ರಲ್ಲಿ ತೀರಿಕೊಳ್ಳುವವರೆಗೂ ಆಕೆ ಒಂದು ಕೋಟೆಯಿಂದ ಇನ್ನೊಂದಕ್ಕೆ ಓಡಾಡುತ್ತಲೇ ಇದ್ದಳು.

ಇಷ್ಟೊಂದು ಕಷ್ಟ ಕೊಟ್ಟ ಆ ಪದ್ಧತಿಗೆ ಒಂದು ವಾದವೂ ಇದೆ. ಅದನ್ನು ಕೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಎಲ್ಲ ಮಕ್ಕಳಿಗೂ ಹಂಚುತ್ತ ಹೋದರೆ ನಾಲ್ಕು ತಲೆಮಾರಿನಲ್ಲಿ ಮನೆಯೇ ಉಳಿಯುವುದಿಲ್ಲ. ಆದ್ದರಿಂದ ಹಿರಿಯ ಮಗನಿಗೇ ಎಲ್ಲ, ಅವನೂ ಮಾರಕೂಡದು. ಈ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ. ಅಣ್ಣತಮ್ಮಂದಿರು ಪಾಲಾಗಿ, ತೊಟ್ಟಿಮನೆಯ ಅಂಗಳದ ನಡುವೆ ಇಟ್ಟಿಗೆಗೋಡೆ ಎದ್ದು, ಒಬ್ಬರಿಗೆ ಬಾವಿ ಒಬ್ಬರಿಗೆ ಹಗ್ಗ ಎಂಬಂತಾದದ್ದನ್ನು ನಾವೆಲ್ಲ ಕಂಡವರೇ. ಆದರೆ ಮನೆ ಇಡಿಯಾಗಿ ಉಳಿಯುವುದಕ್ಕೆ ಮನೆಯ ಜನ ಹೋಳಾಗಬೇಕಾಯಿತು. ಕಿರಿಯ ಗಂಡುಮಕ್ಕಳು ಸೈನ್ಯಕ್ಕೋ ಚರ್ಚಿಗೋ ಈಸ್ಟ್ ಇಂಡಿಯಾ ಕಂಪನಿಗೋ ನಡೆದರು. ಹೆಣ್ಣುಮಕ್ಕಳಿಗೆ ಮದುವೆಯೊಂದೇ ದಾರಿ. 1870 ಮತ್ತು 1882ರ ಕಾಯಿದೆಗಳು ಬರುವ ತನಕ ಮದುವೆಯಾದ ಹೆಂಗಸಿನ ಒಡವೆ, ಹಣವೆಲ್ಲ ಗಂಡನ ಸ್ವತ್ತಾಗುತ್ತಿತ್ತು. ಗಂಡ ಸತ್ತು ಮಗ ಪಟ್ಟಕ್ಕೆ ಬಂದರೆ ಅಲ್ಲಿಯ ಅತ್ತೆ ದೊಡ್ಡ ಮನೆಯನ್ನು ಸೊಸೆಗೆ ಬಿಟ್ಟು, ಎಸ್ಟೇಟಿನ ಅಂಚಿನಲ್ಲಿ ವಿಧವೆಯರಿಗೆಂದೇ ಕಟ್ಟಿಸಿದ ಚಿಕ್ಕ ಮನೆಗೆ ಗಂಟುಮೂಟೆ ಕಟ್ಟಬೇಕು. ನಲವತ್ತು ವರ್ಷ ಬೀಗದ ಕೈ ಸೊಂಟದಲ್ಲಿದ್ದವಳು!

ಮನೆಗಳನ್ನು ಉಳಿಸಲು ಹಣವೂ ಬೇಕಲ್ಲ. ಅದು ಬಂದ ದಾರಿಗಳು ಹಲವು. 1895ರಲ್ಲಿ ಬ್ಲೆನಿಮ್ ಅರಮನೆಯ ಡ್ಯೂಕ್, ಕಾನ್ಸ್ಯುಲೋ ವ್ಯಾಂಡರ್‌ಬಿಲ್ಟ್ ಎಂಬ ಅಮೆರಿಕದ ಶ್ರೀಮಂತ ಹುಡುಗಿಯನ್ನು ಮದುವೆಯಾದ. ಜೊತೆಗೆ ಇಪ್ಪತ್ತೈದು ಲಕ್ಷ ಡಾಲರ್ ಬೆಲೆಯ ರೈಲ್ವೆ ಷೇರು ಬಂತು. ತಾಯಿಯ ಬಲವಂತಕ್ಕೆ ಆದ ಮದುವೆ ಅದು, ಕೊನೆಗೆ ಮುರಿಯಿತು. ಚಾವಣಿ ಸೋರುವುದನ್ನು ನಿಲ್ಲಿಸಲು ಬಂದ ಆ ಹಣಕ್ಕೆ ನಮ್ಮಲ್ಲಿ ಏನು ಹೆಸರೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಯಾರ್ಕ್‌ಷೈರಿನ ಹೇರ್‌ವುಡ್ ಅರಮನೆಯ ಹಿಂದೆ ಇದ್ದದ್ದು ವೆಸ್ಟ್ ಇಂಡೀಸ್ ದ್ವೀಪಗಳ ಕಬ್ಬಿನ ತೋಟ, ಅಲ್ಲಿ ದುಡಿದ ಗುಲಾಮರ ಬೆವರು. 1833ರಲ್ಲಿ ಗುಲಾಮಗಿರಿ ರದ್ದಿಗೆ ಕಾಯಿದೆ ಮಾಡಿದಾಗ ಬ್ರಿಟಿಷ್ ಸರ್ಕಾರ ಎರಡು ಕೋಟಿ ಪೌಂಡು ಪರಿಹಾರ ಗೊತ್ತುಮಾಡಿತು. ಗುಲಾಮರಿಗಲ್ಲ, ಅವರ ಒಡೆಯರಿಗೆ! ಒಡೆತನ ಎಂಬ ಪದದ ಮೈಮೇಲೆ ಇಂಥ ಕಲೆಗಳೂ ಇವೆ.

ನಮ್ಮ ನೆಲದ ಒಂದು ಎಳೆಯೂ ಇದರಲ್ಲಿ ಸೇರಿದೆ. ಇಂಗ್ಲೆಂಡಿನ ಗಡಿ ದಾಟಿದರೆ ವೇಲ್ಸ್‌ನಲ್ಲಿ ಪವಿಸ್ ಕೋಟೆ ಸಿಗುತ್ತದೆ. ಆ ಮನೆತನದ ಮಗಳು ಹೆನ್ರಿಯೆಟಾ, ರಾಬರ್ಟ್ ಕ್ಲೈವನ ಮಗ ಎಡ್ವರ್ಡನನ್ನು ಮದುವೆಯಾದಳು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಈ ಎಡ್ವರ್ಡ್ ಮದರಾಸಿನ ಗವರ್ನರ್. ಮರುವರ್ಷ ಹೆನ್ರಿಯೆಟಾ ತನ್ನಿಬ್ಬರು ಹೆಣ್ಣುಮಕ್ಕಳೊಂದಿಗೆ ಬೆಂಗಳೂರು, ಶ್ರೀರಂಗಪಟ್ಟಣಗಳನ್ನು ಸುತ್ತಿ ನೋಡಿದಳು. ಟಿಪ್ಪುವಿನ ಹೂಬಳ್ಳಿಯ ಚಿತ್ತಾರದ ಗುಡಾರ ಇಂದಿಗೂ ಪವಿಸ್‌ನಲ್ಲಿದೆ. ಸೋತವನ ಗುಡಾರ ಗೆದ್ದವನ ಮನೆಯ ಅಲಂಕಾರವಾದದ್ದು ಹೊಸ ಸಂಗತಿಯಲ್ಲ. 1066ರ ಕಥೆಯೇ ಮತ್ತೆ ನಡೆದದ್ದು. ನನ್ನ ಗಮನ ಸೆಳೆದದ್ದು ಇನ್ನೊಂದು. 1801ರಲ್ಲಿ ಹೆನ್ರಿಯೆಟಾಳ ಅಣ್ಣ ಮದುವೆಯಿಲ್ಲದೆ ತೀರಿಕೊಂಡಾಗ ಪವಿಸ್‌ನ ಆಸ್ತಿ ಆಕೆಗೆ ಬರಲಿಲ್ಲ. ಆಕೆಯನ್ನು ದಾಟಿ ಆಕೆಯ ಮಗನಿಗೆ ಹೋಯಿತು. ಟಿಪ್ಪುವಿನ ರಾಜ್ಯವನ್ನು ಗೆದ್ದವರ ಪೈಕಿಯವಳಾದ ಆಕೆಗೂ ಸ್ವಂತ ತವರುಮನೆ ಸಿಕ್ಕಲಿಲ್ಲ.

ಮತ್ತೆ ನೋಲ್‌ಗೆ ಬರುತ್ತೇನೆ. ಆನ್ ಕ್ಲಿಫರ್ಡಳ ದಿನಚರಿಯನ್ನು 1923ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದವಳು ಅದೇ ನೋಲ್‌ನಲ್ಲಿ ಹುಟ್ಟಿ ಬೆಳೆದ ಲೇಖಕಿ ವೀಟಾ ಸ್ಯಾಕ್‌ವಿಲ್-ವೆಸ್ಟ್. ಇವಳೂ ತಂದೆಗೆ ಒಬ್ಬಳೇ ಮಗಳು. ಆ ದಿನಚರಿಯ ಪುಟಗಳನ್ನು ತಿದ್ದುವಾಗ ಅವಳ ಮನಸ್ಸಿನಲ್ಲಿ ಏನು ನಡೆದಿರಬೇಕು! ಮುಂದಿನದು ಅವಳಿಗೆ ಗೊತ್ತೇ ಇತ್ತು. 1928ರಲ್ಲಿ ತಂದೆ ತೀರಿಕೊಂಡ. ಬಿರುದೂ ಮನೆಯೂ ಚಿಕ್ಕಪ್ಪನಿಗೆ ಹೋದವು. ಆ ವರ್ಷವೇ ಗೆಳತಿ ವರ್ಜೀನಿಯಾ ವುಲ್ಫ್ 'ಒರ್ಲ್ಯಾಂಡೊ' ಎಂಬ ಕಾದಂಬರಿ ಬರೆದು ವೀಟಾಳಿಗೆ ಅರ್ಪಿಸಿದಳು. ನೂರಾರು ವರ್ಷ ಬದುಕುವ ಅದರ ನಾಯಕ ನಡುವೆ ಹೆಣ್ಣಾಗಿಬಿಡುತ್ತಾನೆ. ಹೆಣ್ಣಾದ ಕೂಡಲೇ ಆಸ್ತಿಯ ಮೇಲೆ ಮೊಕದ್ದಮೆಗಳು ಬೀಳುತ್ತವೆ. ಕೋರ್ಟು ಕೊಡಲಾರದ ಮನೆಯನ್ನು ಗೆಳತಿ ಪುಸ್ತಕದಲ್ಲಿ ಕಟ್ಟಿಕೊಟ್ಟಳು. 1930ರಲ್ಲಿ ವೀಟಾ ಸಿಸಿಂಗ್‌ಹರ್ಸ್ಟ್ ಎಂಬ ಪಾಳುಬಿದ್ದ ಜಾಗ ಕೊಂಡು, ಗಂಡನ ಜೊತೆಗೂಡಿ ಅಲ್ಲೊಂದು ತೋಟ ಬೆಳೆಸಿದಳು. ಇಂದು ಜಗತ್ತಿನ ಮೂಲೆಮೂಲೆಯ ಜನ ಅದನ್ನು ನೋಡಲು ಹೋಗುತ್ತಾರೆ. ಆದರೂ ನೋಲ್‌ನ ಕೊರಗು ಅವಳನ್ನು ಬಿಡಲಿಲ್ಲವಂತೆ. ತವರಿನ ಬಾಗಿಲು ಮುಚ್ಚಿದ ಮೇಲೆ ಎಷ್ಟು ಹೂ ಬೆಳೆದರೇನು?

ಅಷ್ಟು ಹೊತ್ತಿಗೆ ಒಡೆಯರ ಕಾಲವೂ ಮುಗಿಯುತ್ತ ಬಂದಿತ್ತು. 1894ರಲ್ಲಿ ಶುರುವಾದ ಮರಣ ತೆರಿಗೆ ಮೊದಲು ಹೆಚ್ಚೆಂದರೆ ನೂರಕ್ಕೆ 8 ಇತ್ತು. 1949ರ ಹೊತ್ತಿಗೆ ಅತಿ ದೊಡ್ಡ ಆಸ್ತಿಗಳಿಗೆ 80 ಆಯಿತು. ಎರಡು ಮಹಾಯುದ್ಧಗಳಲ್ಲಿ ವಾರಸುದಾರರು ಸತ್ತರು, ಆಳುಕಾಳುಗಳು ಕಾರ್ಖಾನೆಗೆ ಹೋದರು. ಎಷ್ಟೋ ಅರಮನೆಗಳನ್ನು ಒಡೆಯರೇ ಕೆಡವಿ ತೊಲೆ, ಕಲ್ಲು ಮಾರಿಕೊಂಡರು. ಉಳಿದವು ಶಾಲೆ, ಆಸ್ಪತ್ರೆ, ಹೋಟೆಲುಗಳಾದವು. ಬಕಿಂಗ್‌ಹ್ಯಾಮ್‌ಷೈರಿನ ಸ್ಟೋಕ್ ಪಾರ್ಕನ್ನು 2021ರಲ್ಲಿ 5.7 ಕೋಟಿ ಪೌಂಡು ಕೊಟ್ಟು ಕೊಂಡದ್ದು ನಮ್ಮ ರಿಲಯನ್ಸ್. ಕ್ಲೈವನ ಆತ್ಮ ಎಲ್ಲಿದೆಯೋ, ನೋಡಿ ನಕ್ಕಿತೋ ಅತ್ತಿತೋ!

ಬಹಳಷ್ಟು ಮನೆಗಳು ನ್ಯಾಷನಲ್ ಟ್ರಸ್ಟಿನ ಕೈ ಸೇರಿದವು. ದೇಶದ ಚೆಲುವಾದ ಜಾಗಗಳನ್ನು ಎಲ್ಲರ ಪರವಾಗಿ ಕಾಯಬೇಕೆಂದು 1895ರಲ್ಲಿ ಇದನ್ನು ಸ್ಥಾಪಿಸಿದ ಮೂವರಲ್ಲಿ ಒಬ್ಬಳು ಆಕ್ಟೇವಿಯಾ ಹಿಲ್, ಲಂಡನ್ನಿನ ಬಡವರ ವಸತಿಗಾಗಿ ದುಡಿದವಳು. ನೋಲ್, ಪವಿಸ್, ಸಿಸಿಂಗ್‌ಹರ್ಸ್ಟ್ ಮೂರೂ ಈಗ ಟ್ರಸ್ಟಿನವೇ. ಯಾರ ಮಗಳಿಗೆ ಕೊಡಬಾರದೆಂದು ಅಷ್ಟು ಹಠ ಹಿಡಿದಿದ್ದರೋ ಆ ಮನೆಯೊಳಗೆ ಇಂದು ಯಾರ ಮಗಳು ಬೇಕಾದರೂ ಟಿಕೆಟ್ ಪಡೆದು ಹೋಗಬಹುದು. 2020ರಲ್ಲಿ ಟ್ರಸ್ಟ್ ತಾನೇ ಒಂದು ವರದಿ ತಂದು, ತನ್ನ ಕೈಯಲ್ಲಿರುವ 93 ಸ್ಥಳಗಳಿಗೆ ಗುಲಾಮಗಿರಿ ಅಥವಾ ವಸಾಹತುಗಳ ನಂಟಿದೆ ಎಂದು ಹೇಳಿಕೊಂಡಿತು. ಕಾಯುವವನ ಕರ್ತವ್ಯದಲ್ಲಿ ಲೆಕ್ಕ ಒಪ್ಪಿಸುವುದೂ ಸೇರಿದೆಯಲ್ಲವೇ?

ಇಷ್ಟೆಲ್ಲ ಓದಿದ ಮೇಲೆ ಸುಲಭವಾಗಿ ಬಾಯಿಗೆ ಬರುವ ಮಾತು ಒಂದಿದೆ: ಯಾವ ಮನೆಯೂ ಯಾರದೂ ಅಲ್ಲ, ನಾವೆಲ್ಲ ನಾಲ್ಕು ದಿನದ ಕಾವಲುಗಾರರು. ಮಾತು ನಿಜವೇ. ಸ್ಯಾಕ್ಸನ್ನರು ಹೋದರು, ನಾರ್ಮನ್ನರು ಹೋದರು, ಸನ್ಯಾಸಿನಿಯರೂ ಅರ್ಲ್‌ಗಳೂ ಹೋದರು, ಕಲ್ಲು ಉಳಿಯಿತು. ಆದರೆ ಈ ವೇದಾಂತವನ್ನು ಯಾರು ಯಾರಿಗೆ ಹೇಳುತ್ತಾರೆ ಎಂಬುದನ್ನು ನೋಡಬೇಕು. ಪತ್ರ ಕೈಯಲ್ಲಿರುವವನು ಪತ್ರವಿಲ್ಲದವಳಿಗೆ, "ಆಸ್ತಿ ಶಾಶ್ವತವೇನಮ್ಮಾ, ಪ್ರೀತಿಯಲ್ಲವೇ ಮುಖ್ಯ" ಎಂದರೆ ಅದು ವೇದಾಂತವಲ್ಲ, ವ್ಯವಹಾರ. ಆನ್ ಕ್ಲಿಫರ್ಡಳಿಗೆ ಬುದ್ಧಿ ಹೇಳಿದವರಾರೂ ತಮ್ಮ ಎಕರೆಗಳನ್ನು ಬಿಟ್ಟುಕೊಟ್ಟು ಬಂದಿರಲಿಲ್ಲ. ಹಾಗೆಯೇ, "ನಿನ್ನ ಆರೈಕೆಯಿಂದಲೇ ಮನೆ ಮನೆಯಾಯಿತು" ಎಂಬ ಹೊಗಳಿಕೆ ಕೂಡ. ಅದು ನಿಜ, ನಿಜವಾದ್ದರಿಂದಲೇ ಅಪಾಯ. ಹೊಗಳಿಕೆ ಹಕ್ಕಿನ ಜಾಗದಲ್ಲಿ ಕೂತುಬಿಡುತ್ತದೆ, ನಮಗೂ ಅದು ಹಿತವಾಗಿಬಿಡುತ್ತದೆ. ಇಂಗ್ಲೆಂಡಿನಲ್ಲಿ 2013ರ ಕಾಯಿದೆ ಸಿಂಹಾಸನಕ್ಕೆ ಗಂಡುಮಗುವೇ ಮೊದಲು ಎಂಬುದನ್ನು ತೆಗೆದುಹಾಕಿತು, ಆದರೆ ಶ್ರೀಮಂತರ ಬಿರುದುಗಳನ್ನು ಮುಟ್ಟಲಿಲ್ಲ.

ಲೇಕಾಕ್ ಮಠವನ್ನು ನೆನಪಿಟ್ಟುಕೊಳ್ಳಿ ಎಂದಿದ್ದೆ. ಟಾಲ್ಬಟ್ ಮನೆತನದ ಒಬ್ಬಾತ ಆ ಮನೆಯ ಒಂದು ಕಿಟಕಿಯ ಫೋಟೋ ತೆಗೆದ. 1835ರ ಆ ಪುಟ್ಟ ನೆಗೆಟಿವ್, ಇಂದು ಉಳಿದಿರುವ ಕ್ಯಾಮೆರಾ ನೆಗೆಟಿವ್‌ಗಳಲ್ಲೆಲ್ಲ ಹಳೆಯದು. ಅವನ ಮಗನಿಗೆ ಮಕ್ಕಳಿಲ್ಲದ್ದರಿಂದ 1916ರಲ್ಲಿ ಮನೆ ಅವನ ಸೋದರಿಯ ಮಗಳು ಮಟಿಲ್ಡಾಳಿಗೆ ಬಂತು. ಆಕೆ ಇಪ್ಪತ್ತೆಂಟು ವರ್ಷ ಅದನ್ನು ಕಾಪಾಡಿ, 1944ರಲ್ಲಿ ಮನೆಯ ಜೊತೆಗೆ ಲೇಕಾಕ್ ಹಳ್ಳಿಯನ್ನೂ ನ್ಯಾಷನಲ್ ಟ್ರಸ್ಟಿಗೆ ದಾನ ಕೊಟ್ಟಳು. ಒಬ್ಬ ಹೆಂಗಸು ಎಲ್ಲರ ಒಳಿತಿಗೆ ಕಟ್ಟಿದ ಮನೆಯನ್ನು ಏಳುನೂರು ವರ್ಷಗಳ ಮೇಲೆ ಇನ್ನೊಬ್ಬ ಹೆಂಗಸು ಎಲ್ಲರಿಗೇ ಮರಳಿಸಿದಳು.

ಮಟಿಲ್ಡಾ ಕೊಟ್ಟಳು, ಏಕೆಂದರೆ ಅದು ಆಕೆಯದಾಗಿತ್ತು. ವೀಟಾಳಿಗೆ ನೋಲ್ ಅನ್ನು ಉಳಿಸಿಕೊಳ್ಳುವ ಹಕ್ಕಿರಲಿಲ್ಲ ಎನ್ನುತ್ತೇವೆ; ಬಿಟ್ಟುಕೊಡುವ ಹಕ್ಕೂ ಇರಲಿಲ್ಲ ಎಂಬುದನ್ನು ಮರೆಯುತ್ತೇವೆ. ಇದ್ದವಳು ಕೈಯೆತ್ತಿ ಕೊಟ್ಟರೆ ತ್ಯಾಗ. ಇಲ್ಲದವಳ ಕೈಯಿಂದ ಸಹಿ ಹಾಕಿಸಿಕೊಂಡು ಅದಕ್ಕೆ ತ್ಯಾಗವೆಂಬ ಹೆಸರಿಟ್ಟರೆ ಆ ಪದಕ್ಕೇ ಅವಮಾನ. ಮನೆ ಕೊನೆಗೆ ಯಾರದೂ ಅಲ್ಲವೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಆ ಮಾತನ್ನು ನಮ್ಮ ಹೆಣ್ಣುಮಕ್ಕಳು ಮೊದಲು ತಮ್ಮ ಹೆಸರಿನ ಪತ್ರವನ್ನು ಕೈಯಲ್ಲಿ ಹಿಡಿದುಕೊಂಡು, ಆಮೇಲೆ ತಾವೇ ಹೇಳಲಿ.